ಮಾಸ್ಟರ ಎಡಗಾಲಿನ ಹತ್ತು ಕಂತು

ಗುರುತು ಪರಿಚಯವಿಲ್ಲದವರಿಗೆ ಕಂತಿನ ಮೇಲೆ ಏನನ್ನೂ ಮಾರಬಾರದು. ಇದನ್ನು ಹೇಳಿಕೊಡಲು ದೊಡ್ಡ ಪಂಡಿತರೇನೂ ಬೇಕಾಗಿರಲಿಲ್ಲ, ಕಾಜಾ ಅಕ್ಕನಿಗೆ ಅವಳ ತಂಗಿಯೇ ಸಾಕಾಗಿದ್ದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಹದಿನೆಂಟು ವರ್ಷ ಕೂತು, ‘ನಾಳೆ ಕೊಡ್ತೀನಿ’ ಎನ್ನುವವರ ಮುಖಗಳನ್ನು ನೋಡಿ ನೋಡಿ ಆ ತಂಗಿಗೆ ಮನುಷ್ಯಜಾತಿಯ ಮೇಲೆಯೇ ನಂಬಿಕೆ ಹೊರಟುಹೋಗಿತ್ತು.

“ಮೊದಲ ಕಂತಿಗೇ ಸಾಮಾನು ಕೈಗೆ ಕೊಟ್ಬಿಟ್ಯಾ? ವಿಳಾಸ ಬರಕೊಂಡ್ಯಾ?”

“ಕೇಳ್ಲಿಲ್ಲ.”

“ಫೋನ್ ನಂಬರು?”

“ಅವನ ಹತ್ರ ಫೋನೇ ಇಲ್ವಂತೆ.”

“ಬಹಳ ಚೆನ್ನಾಗಿದೆ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಅಲ್ಲಕ್ಕಾ, ಮಂಚ ಮಾರಿದ್ರೆ ಮಂಚ ಹೊತ್ಕೊಂಡು ಓಡಿಹೋಗ್ತಾನೆ ಅಂತ ಭಯ. ನೀನು ಮಾರಿರೋದು ಕಾಲು! ಇದನ್ನ ಕೊಟ್ಟ ಮೇಲೇ ಅಲ್ವಾ ಅವನಿಗೆ ಓಡೋಕೆ ಬರೋದು?”

ಕಾಜಾ ಅಕ್ಕನಿಗೂ ನಗು ಬಂತು. ಎರಡು ವರ್ಷದಿಂದ ಅವಳು ಅಷ್ಟು ಜೋರಾಗಿ ನಕ್ಕಿರಲಿಲ್ಲ. ನಕ್ಕಿದ್ದಕ್ಕೆ ತಾನೇ ಹೆದರಿ, ಗೋಡೆಯ ಮೂಲೆಯ ಕಡೆ ನೋಡಿದಳು. ಮೂಲೆ ಖಾಲಿಯಾಗಿತ್ತು.

ಕಾಜಾ ಅಕ್ಕ ಅವಳ ಹೆಸರಲ್ಲ, ಅದು ಕೆಲಸ. ಬೀದಿಯ ಟೇಲರ್ ಅಂಗಡಿಗಳಿಂದ ಬರುವ ಅಂಗಿ, ಕೋಟುಗಳಿಗೆ ಮನೆಯಲ್ಲೇ ಕೂತು ಕೈಯಿಂದ ಗುಂಡಿ ತೂರುವ ಕಾಜಾ ಹೊಲಿದು, ಗುಂಡಿ ಹಚ್ಚಿ ಕೊಡುತ್ತಿದ್ದಳು. ಗಂಡ ಅದೇ ಬೀದಿಯ ದೊಡ್ಡ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ಮದುವೆಗೆ ಮುಂಚೆಯೇ ಒಂದು ಲಾರಿ ಅವರ ಎಡಗಾಲನ್ನು ಮಂಡಿಯ ಕೆಳಗೆ ತೆಗೆದುಕೊಂಡಿತ್ತು. “ಪ್ಯಾಂಟಿಗೆ ಎರಡು ಕಾಲು ಕತ್ತರಿಸೋನಿಗೆ ಒಂದೇ ಕಾಲು ಕೊಟ್ಟ ದೇವರಿಗೆ ಅಳತೆ ಗೊತ್ತಿಲ್ಲ” ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಮರದ ಪಾದ, ಗಟ್ಟಿ ತೊಗಲಿನ ಮೇಲ್ಭಾಗ, ತೊಡೆಗೆ ಸುತ್ತಿ ಬಿಗಿಯುವ ಪಟ್ಟಿ, ಪಟ್ಟಿಗೊಂದು ಹಿತ್ತಾಳೆಯ ಬಕಲ್. ಮಾಸ್ಟರು ಸತ್ತಮೇಲೆ ಆ ಕಾಲು ಬೂಟು ಕಾಲುಚೀಲ ತೊಟ್ಟುಕೊಂಡೇ ಕಪಾಟಿನ ಪಕ್ಕದ ಮೂಲೆಯಲ್ಲಿ ಎರಡು ವರ್ಷ ನಿಂತಿತ್ತು. ಕಸ ಗುಡಿಸುವಾಗ ಕಾಜಾ ಅಕ್ಕ ಅದರ ಸುತ್ತ ಗುಡಿಸುತ್ತಿದ್ದಳೇ ಹೊರತು ಸರಿಸುತ್ತಿರಲಿಲ್ಲ.

“ಅಂಗಿ ಕೊಟ್ಟೆ, ಕನ್ನಡಕ ಕೊಟ್ಟೆ, ಇದೊಂದನ್ನ ಯಾಕೆ ಕಾವಲಿಗೆ ನಿಲ್ಲಿಸಿದೀಯ?” ಎಂದು ತಂಗಿ ಬಂದಾಗಲೆಲ್ಲ ಗೊಣಗುತ್ತಿದ್ದಳು. ಆಸ್ಪತ್ರೆಯವರು ಬಳಸಿದ ಕಾಲು ಬೇಡ ಎಂದರು. ಕೊನೆಗೆ ತಂಗಿಯೇ ಕೆಳಗಿನ ಇಸ್ತ್ರಿ ಅಂಗಡಿಯ ಹಲಗೆಯ ಮೇಲೆ ಚೀಟಿ ಅಂಟಿಸಿದಳು: ಮಾರಾಟಕ್ಕಿದೆ, ಕೃತಕ ಕಾಲು, ಎಡಗಾಲು, ಮಂಡಿಯ ಕೆಳಗಿನದು, ಮೂರನೇ ಮಹಡಿಯಲ್ಲಿ ವಿಚಾರಿಸಿ. ಅದನ್ನು ಓದಿದವರೆಲ್ಲ ನಕ್ಕರು. ಇಸ್ತ್ರಿಯವನಂತೂ “ಜೋಡಿ ಇಲ್ವಾ ಅಕ್ಕ?” ಎಂದು ಕೇಳಿ ಬೈಸಿಕೊಂಡ.

ನಗದೆ ಮೇಲೆ ಹತ್ತಿ ಬಂದವನು ಒಬ್ಬನೇ. ಎರಡು ಊರುಗೋಲು, ಬೆರಳಿನ ಸಂದಿಯಲ್ಲಿ ಹಳದಿ ಬಣ್ಣ, ನಲವತ್ತು ದಾಟಿದ ವಯಸ್ಸು. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಏಣಿಯಿಂದ ಬಿದ್ದು ಕಾಲು ಕಳೆದುಕೊಂಡಿದ್ದ. ಊರುಗೋಲು ಹಿಡಿದರೆ ಕುಂಚ ಹಿಡಿಯೋಕಾಗಲ್ಲ, ಕುಂಚ ಹಿಡಿದರೆ ನಿಲ್ಲೋಕಾಗಲ್ಲ ಎಂದ. ಒಟ್ಟಿಗೆ ಕೊಡಲು ದುಡ್ಡಿರಲಿಲ್ಲ. ಹತ್ತು ಕಂತು ಮಾಡಿಕೊಡಿ, ತಿಂಗಳ ಮೊದಲ ಭಾನುವಾರ ತಪ್ಪದೇ ಕೆಳಗಿನ ಟಪಾಲು ಡಬ್ಬಿಯಲ್ಲಿ ಹಾಕಿ ಹೋಗ್ತೀನಿ ಎಂದ.

“ಡಬ್ಬಿಗೆ ಹಾಕೋದು ಬೇಡ,” ಎಂದಳು ಕಾಜಾ ಅಕ್ಕ. “ಮೇಲೆ ಹತ್ತಿ ಬಂದು ನನ್ನ ಕೈಗೇ ಕೊಡಬೇಕು. ಸಾಯಂಕಾಲ ನಾಲ್ಕಕ್ಕೆ.”

ಅವನು ತಿರುಗಿ ಮೆಟ್ಟಿಲು ನೋಡಿದ. “ನಲವತ್ತೇಳು ಮೆಟ್ಟಿಲಿದೆಯಮ್ಮ.”

“ಎಣಿಸಿದ್ರಾ?”

“ಊರುಗೋಲಿನ ಮೇಲೆ ಹತ್ತಿದೋನು ಎಣಿಸದೇ ಇರ್ತಾನಾ? ಅದ್ರಲ್ಲೂ ಕೊನೇದೊಂದು ಬೇರೆ ಎತ್ತರ.”

ಅದು ನಿಜ. ಆ ಕಟ್ಟಡ ಕಟ್ಟಿದ ಮೇಸ್ತ್ರಿ ಎಲ್ಲೋ ಅಳತೆ ತಪ್ಪಿ, ಮೂರನೇ ಮಹಡಿಯ ಕಟ್ಟಕಡೆಯ ಮೆಟ್ಟಿಲನ್ನು ಉಳಿದವಕ್ಕಿಂತ ಮೂರು ಬೆರಳು ಎತ್ತರ ಮಾಡಿಬಿಟ್ಟಿದ್ದ. ಕೈ ಹಿಡಿಯುವ ಕಂಬಿಯೂ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಮುಗಿದುಹೋಗುತ್ತಿತ್ತು. ಹೊಸಬರೆಲ್ಲ ಅಲ್ಲಿ ಒಮ್ಮೆ ಎಡವಿಯೇ ಒಳಗೆ ಬರುತ್ತಿದ್ದರು. ಕಾಜಾ ಅಕ್ಕ ಮಾತ್ರ ತನ್ನ ಷರತ್ತು ಬಿಡಲಿಲ್ಲ.

ಒಂಟಿ ಕಾಲಿನವನಿಗೆ ಇಂಥ ಷರತ್ತು ಹಾಕುವವಳು ರಾಕ್ಷಸಿಯೇ ಇರಬೇಕು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಅವಳ ಹೊಟ್ಟೆಯೊಳಗೆ ಏನಿತ್ತು ಎಂಬುದನ್ನೂ ಕೇಳಿಬಿಡಿ. ಅದನ್ನು ಅವಳು ಒಡಹುಟ್ಟಿದ ತಂಗಿಗೂ ಹೇಳಿರಲಿಲ್ಲ.

ಮೂವತ್ತೊಂದು ವರ್ಷದ ಸಂಸಾರದಲ್ಲಿ ಮಾಸ್ಟರು ಒಂದು ದಿನವೂ ತಮ್ಮ ಮನೆಯ ಬಾಗಿಲು ತಟ್ಟಿದವರಲ್ಲ. ತಟ್ಟುವ ಅಗತ್ಯವೇ ಬೀಳುತ್ತಿರಲಿಲ್ಲ. ಅವರು ಕೆಳಗಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಇವಳಿಗೆ ಕೇಳಿಸುತ್ತಿತ್ತು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಮರದ ಕಾಲು ಆಮೇಲೆ: ಧಪ್-ಟಕ್, ಧಪ್-ಟಕ್. ಇಳಿಯುವಾಗ ಮರದ್ದು ಮೊದಲು: ಟಕ್-ಧಪ್. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದ್ದು, ಬಾಗಿಲು ತೆಗೆದು ನಿಲ್ಲುವಷ್ಟರಲ್ಲಿ ಅವರು ಕೊನೆಯ ಮೆಟ್ಟಿಲ ಬುಡಕ್ಕೆ ಬಂದಿರುತ್ತಿದ್ದರು. ಇವಳ ಬಲ ಹೆಗಲ ಮೇಲೆ ಎಡಗೈ ಇಟ್ಟು “ಏನೇ, ಕಾಯ್ತಿದ್ಯಾ?” ಎಂದು ಒಳಗೆ ಬರುತ್ತಿದ್ದರು. ನಿತ್ಯವೂ ಇದೇ. ಬೀದಿಯವರು ನೋಡಿ, ಇನ್ನೂ ಹೊಸ ಮದುವೆ ಗಂಡು ಹೆಣ್ಣು ಎಂದು ಚುಡಾಯಿಸುತ್ತಿದ್ದರು.

ವರ್ಷ ಕಳೆದ ಹಾಗೆ ಆ ಬಲ ಹೆಗಲು ನೋಯಲು ಶುರುವಾಯಿತು. ದಿನವೆಲ್ಲ ಬಗ್ಗಿ ಕಾಜಾ ಹೊಲಿಯುವವಳಿಗೆ ಹೆಗಲು ನೋಯದೆ ಮತ್ತೇನು ನೋಯುತ್ತದೆ? ಒಂದು ದಿನ ಮಧ್ಯಾಹ್ನ ಯಾವುದೋ ಮದುವೆಯ ಕೋಟಿನ ರಾಶಿ ಮುಂದೆ ಬಿದ್ದಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ. ಊಟಕ್ಕೆ ಬಂದ ಮಾಸ್ಟರು ಎಂದಿನಂತೆ ಕೈ ಇಟ್ಟರು. ಇವಳಿಗೆ ರೇಗಿ ಹೋಯಿತು.

“ಬಂದ ತಕ್ಷಣ ಹೆಗಲ ಮೇಲೆ ಬೀಳೋ ಈ ಚಾಳಿ ಬಿಡ್ತೀರಾ ಇಲ್ವಾ? ನನ್ನ ಹೆಗಲೇನು ಕೋಟು ತಗುಲಿಸೋ ಗೂಟನಾ? ಕಿತ್ತು ಬರ್ತಿದೆ ಇಲ್ಲಿ!”

ಮಾಸ್ಟರು ಕೈ ತೆಗೆದರು. ಊಟ ಮಾಡಿದರು, ತಟ್ಟೆ ತೊಳೆದಿಟ್ಟರು, ಕೆಳಗಿಳಿದು ಹೋದರು. ಮಾತಿಗೆ ಮಾತು ಕೊಟ್ಟಿದ್ದರೆ ಇವಳ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಸುಮ್ಮನೆ ಹೋದದ್ದಕ್ಕೆ ಇನ್ನೂ ಏರಿತು.

ನಾಲ್ಕು ಗಂಟೆಗೆ ಧಪ್-ಟಕ್ ಮೇಲೆ ಬಂತು. ಇವಳು ಎದ್ದಳು. ಬಾಗಿಲ ಹತ್ತಿರ ಬಂದಳು. ಅಗಳಿಯ ಮೇಲೆ ಕೈ ಇಟ್ಟಳು. ಇಟ್ಟವಳು ಹಾಗೇ ನಿಂತಳು. ಮೂವತ್ತೊಂದು ವರ್ಷ ನಾನೇ ತೆಗೆದಿದ್ದೇನೆ, ಇವತ್ತೊಂದು ದಿನ ಇವರು ತಟ್ಟಲಿ, ಬಾಯಿಬಿಟ್ಟು ಒಂದು ಸಲ ಕರೆಯಲಿ ಎಂದುಕೊಂಡಳು. ಹೆಜ್ಜೆ ಬಾಗಿಲಾಚೆ ನಿಂತಿತು. ಉಸಿರಾಟ ಕೇಳುತ್ತಿತ್ತು. ತಟ್ಟಲಿಲ್ಲ. ಇವಳು ತೆಗೆಯಲಿಲ್ಲ. ಎಷ್ಟು ಹೊತ್ತೋ. ಆಮೇಲೆ ಟಕ್-ಧಪ್, ಟಕ್-ಧಪ್, ಬಹಳ ನಿಧಾನವಾಗಿ ಕೆಳಗಿಳಿದು ಹೋಯಿತು.

ಕೆಳಗೆ ಇಸ್ತ್ರಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಮಾಸ್ಟರು ಕೂತಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದು ಇಸ್ತ್ರಿಯವನು ಅರ್ಧ ಗಂಟೆ ಸುಮ್ಮನಿದ್ದನಂತೆ. ಎದೆಬಡಿತ ನಿಂತುಹೋಗಿದೆ ಎಂದರು ಡಾಕ್ಟರು. ತೊಡೆಯ ಮೇಲೆ ಕಾಗದದ ಪೊಟ್ಟಣದಲ್ಲಿ ಒಂದು ಮುಲಾಮಿನ ಟ್ಯೂಬಿತ್ತು. ಅದನ್ನು ಕೊಟ್ಟವಳು ತಂಗಿಯೇ. “ಮೂರೂವರೆಗೆ ಭಾವ ಅಂಗಡಿಗೆ ಬಂದಿದ್ರು ಕಣಕ್ಕಾ. ನಿಮ್ಮಕ್ಕನಿಗೆ ಹೆಗಲು ನೋವು, ಒಳ್ಳೇದು ನೋಡಿ ಕೊಡು ಅಂದ್ರು,” ಎಂದು ಹೇಳಿ ಗೊಳೋ ಎಂದು ಅತ್ತಳು.

“ನೀನು ಎಲ್ಲಿದ್ದೆ ಆಗ?” ಎಂದು ಎಲ್ಲರೂ ಕೇಳಿದರು. “ನಿದ್ದೆ ಹತ್ತಿಬಿಟ್ಟಿತ್ತು” ಎಂದಳು ಕಾಜಾ ಅಕ್ಕ. ಆ ಒಂದು ಸುಳ್ಳು ಗಂಟಲಲ್ಲಿ ಸಿಕ್ಕಿಕೊಂಡ ಗುಂಡಿಯ ಹಾಗೆ ಒಳಗೂ ಹೋಗದೆ ಹೊರಗೂ ಬಾರದೆ ಕೂತಿತು. ಮುಲಾಮನ್ನು ಗುಂಡಿ ಡಬ್ಬಿಯ ತಳದಲ್ಲಿಟ್ಟಳು, ಮುಚ್ಚಳ ತೆಗೆಯಲಿಲ್ಲ. ವಿಚಿತ್ರವೆಂದರೆ ಆ ದಿನದಿಂದ ಹೆಗಲು ನೋಯಲೇ ಇಲ್ಲ. ನೋವಿಲ್ಲದ ಹೆಗಲನ್ನು ಮುಟ್ಟಿ ನೋಡಿಕೊಂಡಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ಈಗ ತಿಳಿಯಿತಲ್ಲ, ಅವಳಿಗೆ ಬೇಕಾಗಿದ್ದದ್ದು ಕಂತಿನ ದುಡ್ಡಲ್ಲ. ಆ ಕಾಲು ಆ ಮೆಟ್ಟಿಲನ್ನು ಇನ್ನೊಮ್ಮೆ ಹತ್ತಬೇಕಾಗಿತ್ತು. ಹತ್ತಿ ಬಂದಾಗ, ತಟ್ಟುವ ಮೊದಲೇ, ಅವಳು ಬಾಗಿಲು ತೆಗೆಯಬೇಕಾಗಿತ್ತು. ಒಂದೇ ಒಂದು ಸಲ ಸಾಕಾಗಿತ್ತು.

ಮೊದಲ ತಿಂಗಳುಗಳಲ್ಲಿ ಏನೂ ಆಗಲಿಲ್ಲ. ಪೇಂಟರ್ ಬಂದ, ಆದರೆ ಅದು ಅವನದೇ ನಡಿಗೆ. ಕಾಲು ಅವನಿಗೆ ಸಡಿಲ, ಒಳಗೆ ಮೂರು ಕಾಲುಚೀಲ ತುರುಕಿಕೊಂಡಿದ್ದ. ಎಳೆದಾಡಿಕೊಂಡು, ಗೋಡೆಗೆ ಕೈ ಕೊಟ್ಟು, ಮಹಡಿಗೊಮ್ಮೆ ನಿಂತು ಏದುಸಿರು ಬಿಡುತ್ತ ಹತ್ತುತ್ತಿದ್ದ. ತಟ್ಟಿದ, ಕೊಟ್ಟ, ನೀರು ಕುಡಿದ, ಹೋದ. “ಬಂದ್ನಾ ಈರಭದ್ರ?” ಎಂದು ತಂಗಿ ಕೇಳುತ್ತಿದ್ದಳು. ಬಂದ ಎಂದರೆ ಅವಳಿಗೆ ಸ್ವಲ್ಪ ನಿರಾಸೆಯೇ ಆಗುತ್ತಿತ್ತು.

ಆರನೇ ತಿಂಗಳು ಕಾಜಾ ಅಕ್ಕ ಒಂದು ಅಂಗಿಯ ತೋಳಿಗೆ ಗುಂಡಿ ಹಚ್ಚುತ್ತಿದ್ದಳು. ಕೆಳಗೆ ಸದ್ದು ಶುರುವಾಯಿತು. ಧಪ್-ಟಕ್. ಧಪ್-ಟಕ್. ಸೂಜಿ ಬೆರಳಿಗೆ ಹೊಕ್ಕಿತು. ಎಳೆದಾಟವಿಲ್ಲ, ನಿಲ್ಲುವುದಿಲ್ಲ, ಹದಿನಾರನೇ ಮೆಟ್ಟಿಲ ತಿರುವಿನಲ್ಲಿ ಮಾಸ್ಟರು ತೆಗೆದುಕೊಳ್ಳುತ್ತಿದ್ದ ಅದೇ ಸಣ್ಣ ಬಿಡುವು, ಆಮೇಲೆ ಸ್ವಲ್ಪ ಬೇಗ ಬರುವ ಅದೇ ಎರಡು ಹೆಜ್ಜೆ. ಅವರೇ. ಅವರೇ ಬರುತ್ತಿದ್ದಾರೆ. ಎದ್ದಳು, ಬಾಗಿಲಿಗೆ ಹೋದಳು, ಅಗಳಿಯ ಮೇಲೆ ಕೈ ಇಟ್ಟಳು. ತೆಗೆಯಲು ಆಗಲಿಲ್ಲ. ಆ ಕೈ ಎರಡೂವರೆ ವರ್ಷದ ಹಿಂದೆ ಎಲ್ಲಿ ನಿಂತಿತ್ತೋ ಅಲ್ಲೇ ನಿಂತುಬಿಟ್ಟಿತು. ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದರೆಂದರೆ ಅವರಲ್ಲ. ತೆಗೆದಳು. ಹಳದಿ ಬೆರಳಿನ ಪೇಂಟರ್ ನಿಂತಿದ್ದ.

“ಇವತ್ತು ಬೇರೆ ತರ ನಡೀತಿದೀರಿ,” ಎಂದಳು.

“ಗೊತ್ತಾಯ್ತಾ?” ಅವನ ಮುಖ ಅರಳಿತು. “ಅಭ್ಯಾಸ ಆಯ್ತು ನೋಡಿ.”

ಏಳನೇ ತಿಂಗಳೂ ಹಾಗೆಯೇ ಆಯಿತು, ಎಂಟನೇ ತಿಂಗಳೂ. ಪ್ರತಿಸಲ ಅವಳು ಬಾಗಿಲ ಒಳಗೆ, ಕೈ ಅಗಳಿಯ ಮೇಲೆ. ಪ್ರತಿಸಲ ತಟ್ಟಿದ ಮೇಲೆಯೇ ತೆಗೆದದ್ದು. ಉಳಿದ ದಿನಗಳಲ್ಲೂ ಮನೆ ಮೊದಲಿನಂತಿರಲಿಲ್ಲ. ಒಲೆಯ ಮುಂದೆ ನಿಂತಾಗ ಯಾರೋ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದಾರೆ ಎನಿಸುತ್ತಿತ್ತು. ಖಾಲಿ ಮೂಲೆಯನ್ನು ಈಗಲೂ ಬಿಟ್ಟು ಸುತ್ತ ಗುಡಿಸುತ್ತಿದ್ದಳು. ಹೆದರಿಕೆಯೇ ಎಂದರೆ ಹೆದರಿಕೆ. ಆದರೆ ಇನ್ನೆರಡೇ ಕಂತು ಉಳಿದಿವೆ ಎಂದು ನೆನೆದಾಗ ಆದದ್ದು ಅದಕ್ಕಿಂತ ದೊಡ್ಡ ಹೆದರಿಕೆ.

ಒಂಬತ್ತನೇ ತಿಂಗಳ ಭಾನುವಾರ ಅವಳು ಮೂರೂವರೆಗೇ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತಳು. ಇವತ್ತು ತೆಗೆಯುತ್ತೇನೆ, ಪ್ರಾಣ ಹೋದರೂ ತೆಗೆಯುತ್ತೇನೆ. ನಾಲ್ಕಕ್ಕೆ ಧಪ್-ಟಕ್ ಬಂತು. ಎದ್ದಳು. ಹದಿನಾರನೇ ಮೆಟ್ಟಿಲ ಬಿಡುವು. ಬೇಗದ ಎರಡು ಹೆಜ್ಜೆ. ಮೂರನೇ ಮಹಡಿ. ಬಾಗಿಲಾಚೆ ಹೆಜ್ಜೆ ನಿಂತಿತು.

ತಟ್ಟಲಿಲ್ಲ.

ಉಸಿರಾಟ ಕೇಳಿಸುತ್ತಿತ್ತು, ಅಂದಿನ ಹಾಗೆಯೇ ಭಾರವಾಗಿ. ಪೇಂಟರ್ ಆಗಿದ್ದರೆ ಇಷ್ಟರಲ್ಲಿ ತಟ್ಟುತ್ತಿದ್ದ. ಹಾಗಾದರೆ ಆಚೆ ನಿಂತಿರುವುದು ಯಾರು? ಅವಳ ಮನಸ್ಸು ‘ತೆಗೆ, ತೆಗೆ’ ಎಂದು ಬಡಿದುಕೊಳ್ಳುತ್ತಿತ್ತು, ಬೆರಳು ಕಬ್ಬಿಣದ ಮೇಲೆ ಕಬ್ಬಿಣವಾಗಿತ್ತು. ತೆಗೆದರೆ ಅವರ ಮುಖ ನೋಡಬೇಕು. ನೋಡಿ ಏನು ಹೇಳುವುದು? ಎಷ್ಟೋ ಹೊತ್ತಿನ ಮೇಲೆ ಟಕ್-ಧಪ್ ಎಂದು ಹೆಜ್ಜೆ ಇಳಿಯತೊಡಗಿತು. ಅವಳು ಬಾಗಿಲಿಗೆ ಹಣೆ ಇಟ್ಟು, ಸದ್ದು ಮಾಡದೆ, ಇಳಿಯುವ ಹೆಜ್ಜೆ ಮುಗಿಯುವವರೆಗೂ ಅತ್ತಳು.

ಮಾರನೇ ದಿನ ತಂಗಿ ಬಂದು, ಕಂತು ಬಂದಿಲ್ಲವೆಂದು ತಿಳಿದು, “ಹಾಕಿದ್ನಲ್ಲ ಟೋಪಿ! ನಾನು ಹೇಳಿರ್ಲಿಲ್ವಾ?” ಎಂದಳು. ಅಕ್ಕನ ಮುಖ ನೋಡಿ, “ಹೋಗ್ಲಿ ಬಿಡು, ಎಂಟು ಕಂತಾದ್ರೂ ಕೊಟ್ನಲ್ಲ. ಅಷ್ಟಕ್ಕೆ ಯಾಕೆ ಹೆಣದ ತರ ಕೂತಿದೀಯ?” ಎಂದು ತಾನೇ ಟೀ ಮಾಡಿ ಕೊಟ್ಟಳು.

ಮುಂದಿನ ಭಾನುವಾರ ನಾಲ್ಕಕ್ಕೆ ಯಾರೋ ಬಾಗಿಲು ತಟ್ಟಿದರು. ಹೆಜ್ಜೆಯ ಸದ್ದೇ ಬಂದಿರಲಿಲ್ಲ. ತೆಗೆದರೆ ಪೇಂಟರ್, ಕಂಕುಳಲ್ಲಿ ಮತ್ತೆ ಊರುಗೋಲು, ಕೈಯಲ್ಲಿ ಒಂಬತ್ತನೇ ಕಂತು.

“ತಪ್ಪು ತಿಳ್ಕೋಬೇಡಿ ಅಮ್ಮ. ಹೋದ ವಾರ ಬಂದಿದ್ದೆ. ಬಾಗಿಲ ತನಕ ಬಂದು ವಾಪಸ್ಸು ಹೋದೆ.”

ಕಾಜಾ ಅಕ್ಕ ಸ್ಟೂಲಿನ ಮೇಲೆ ಕುಸಿದಳು. “ನೀವೇನಾ ಬಂದಿದ್ದು? ಮತ್ತೆ ತಟ್ಟಲಿಲ್ಲ ಯಾಕೆ?”

“ಹೇಗೆ ತಟ್ಟಲಿ?” ಅವನು ನಕ್ಕ. “ಆ ಪಟ್ಟಿ ಇದೆಯಲ್ಲ, ಅದಕ್ಕೆ ಮೂರು ತೂತು. ಮೊದಲು ನಾನು ಬಿಗಿ ತೂತಿಗೆ ಹಾಕ್ತಿದ್ದೆ. ತೊಡೆ ಕೊಯ್ದು ರಕ್ತ ಬರೋದು. ನಿಮ್ಮ ಯಜಮಾನ್ರು ಹಾಕ್ಕೊಳ್ತಿದ್ದ ತೂತು ಯಾವುದು ಅಂತ ನೋಡಿದ್ರೇ ಗೊತ್ತಾಗತ್ತೆ, ಸವೆದು ದೊಡ್ಡದಾಗಿದೆ. ಆರನೇ ತಿಂಗಳಿಂದ ಅದಕ್ಕೇ ಹಾಕ್ದೆ. ಅಬ್ಬಾ, ಸುಖ ಅಂದ್ರೆ ಸುಖ! ಕಾಲು ತಾನೇ ನಡೆಯೋದು ಕಲಿಸ್ತು. ಆದ್ರೆ ನಿಮ್ಮ ಈ ಕೊನೇ ಮೆಟ್ಟಿಲು ಇದೆಯಲ್ಲ, ಪಿಶಾಚಿ, ಇಲ್ಲಿ ಕಾಲು ಎತ್ತರಕ್ಕೆ ಎತ್ತಬೇಕು, ಎತ್ತಿದ್ರೆ ಬಕಲ್ ಜಾರತ್ತೆ. ಮೂರು ತಿಂಗಳು ಹೇಗೋ ಗೋಡೆಗೆ ಒರಗಿ ಸುಧಾರಿಸಿಕೊಂಡೆ. ಹೋದ ವಾರ ಪೂರ್ತಿ ಬಿಚ್ಕೊಂಡ್ತು. ಒಂದು ಕೈ ಕಂಬಿಗೆ, ಇನ್ನೊಂದು ಕೈ ಕಾಲಿಗೆ. ಬಾಗಿಲು ತಟ್ಟೋಕೆ ಮೂರನೇ ಕೈ ಎಲ್ಲಿಂದ ತರ್ಲಿ?”

ಅವನೇ ಮುಂದುವರಿಸಿದ. “ಒಂದು ಮಾತು ಕೇಳಬೇಕು ಅಂತಿದ್ದೆ. ಅವರು ವರ್ಷಗಟ್ಟಲೆ ಇದೇ ತೂತಿಗೆ ಹಾಕಿದಾರೆ. ದಿನಾ ಈ ಮೆಟ್ಟಿಲು ಹೇಗೆ ಹತ್ತುತಿದ್ರು?”

ಅವಳ ಎಡಗೈ ತಾನಾಗಿಯೇ ಮೇಲೆದ್ದು ಬಲ ಹೆಗಲನ್ನು ಹಿಡಿಯಿತು.

ಚಾಳಿಯಲ್ಲ. ಮುದ್ದೂ ಅಲ್ಲ. ದಿನಕ್ಕೆರಡು ಸಲ, ಆ ಮೂರು ಬೆರಳಿನ ಎತ್ತರವನ್ನು ಮಾಸ್ಟರು ಅವಳ ಹೆಗಲ ಮೇಲೆ ಭಾರ ಹಾಕಿ ಹತ್ತುತ್ತಿದ್ದರು. ಹೇಳಿದರೆ ಹೆಂಡತಿ ಕಂಗಾಲಾಗುತ್ತಾಳೆಂದೋ, ಗಂಡಸಿನ ಮರ್ಯಾದೆಯೋ, ‘ಏನೇ, ಕಾಯ್ತಿದ್ಯಾ’ ಎಂಬ ಒಂದು ಮಾತಿನಲ್ಲಿ ಅದನ್ನು ಮುಚ್ಚಿಡುತ್ತಿದ್ದರು. ಆ ಹೆಗಲನ್ನೇ ಅವಳು ಅಂದು ಮಧ್ಯಾಹ್ನ ಕಿತ್ತುಕೊಂಡಿದ್ದಳು.

“ಕೂಗಬಹುದಿತ್ತಲ್ಲ,” ಎಂದಳು. ಯಾರಿಗೆ ಹೇಳಿದಳೋ. “ಒಂದು ಸಲ ಕರೀಬಹುದಿತ್ತಲ್ಲ.”

ಪೇಂಟರ್ ಮುಖ ತಗ್ಗಿಸಿದ. “ಕೂಗಬೇಕು ಅಂದ್ಕೊಂಡೆ. ಆದ್ರೆ ಈ ಬಾಗಿಲ ಕೆಳಗೆ ಸಂದಿ ಇದೆಯಲ್ಲಮ್ಮ. ಎದುರು ಕಿಟಕಿ ಬಿಸಿಲಿಗೆ ನಿಮ್ಮ ಕಾಲಿನ ನೆರಳು ಕಾಣ್ತಿತ್ತು. ಇಲ್ಲೇ ನಿಂತಿದಾರೆ, ಆದ್ರೂ ತೆಗೀತಿಲ್ಲ ಅಂದ್ರೆ ನಾನು ಬೇಡ ಅಂತ ಅರ್ಥ ಅಲ್ವಾ? ಬೇಡ ಅಂದವರ ಬಾಗಿಲಲ್ಲಿ ಹೇಗೆ ಕೂಗೋದು? ಒಂದು ಕೈಲಿ ಕಾಲು ಹಿಡ್ಕೊಂಡೇ ಒಂದೊಂದು ಮೆಟ್ಟಿಲು ಇಳಿದು, ಕೆಳಗಿನ ಬೆಂಚಿನ ಮೇಲೆ ಪಟ್ಟಿ ಕಟ್ಕೊಂಡೆ. ಮತ್ತೆ ಹತ್ತೋಕೆ ಶಕ್ತಿ ಇರಲಿಲ್ಲ.”

ಅಂದೂ ಇದೇ ನಾಲ್ಕು ಗಂಟೆ, ಇದೇ ಕಿಟಕಿ, ಇದೇ ಬಿಸಿಲು. ಕಾಜಾ ಅಕ್ಕ ಬಾಗಿಲ ಕೆಳಗಿನ ಸಂದಿ ನೋಡಿದಳು. ಕಿರುಬೆರಳು ತೂರುವಷ್ಟಿತ್ತು. ಅದನ್ನು ಅವಳು ಮೂವತ್ತಮೂರು ವರ್ಷದಿಂದ ಗುಡಿಸುತ್ತ ಬಂದಿದ್ದಳು.

ಅವಳು ಅತ್ತ ರೀತಿಗೆ ಪೇಂಟರ್ ಗಾಬರಿಯಾಗಿ ಪಕ್ಕದ ಮನೆಯವರನ್ನು ಕರೆಯಲು ತಿರುಗಿದ. ಅವಳು ಬೇಡವೆಂದು ಕೈಯಾಡಿಸಿದಳು. ಆಮೇಲೆ, ತಂಗಿಗೂ ಹೇಳದ್ದನ್ನು ಆ ಗುರುತು ಪರಿಚಯವಿಲ್ಲದವನಿಗೆ ಹೇಳಿದಳು. “ನಾನು ಮಲಗಿರಲಿಲ್ಲ. ಎಚ್ಚರವಾಗೇ ಇದ್ದೆ. ಇಲ್ಲೇ ನಿಂತಿದ್ದೆ. ಅವರಿಗೂ ಕಾಣ್ತಿತ್ತು.” ಅವನು ಊರುಗೋಲು ಕೆಳಗಿಟ್ಟು, ಹೊಸ್ತಿಲ ಮೇಲೆ ಕೂತು, ಪೂರ್ತಿ ಕೇಳಿದ. ಸಮಾಧಾನದ ಮಾತು ಆಡಲಿಲ್ಲ, ಅದು ಅವನ ದೊಡ್ಡತನ. ಹೊರಡುವಾಗ ಮಾತ್ರ ಕೇಳಿದ. “ಮುಲಾಮು ಇನ್ನೂ ಇದೆಯಾ?”

“ಇದೆ. ನೋವಿಲ್ಲದ ಮೇಲೆ ಯಾಕೆ ಹಚ್ಚಲಿ?”

ಅವನು ತಲೆಯಾಡಿಸಿದ. ಕೊನೆಯ ಕಂತನ್ನು ತರಬೇಡಿ, ಬಿಟ್ಟಿದ್ದೇನೆ ಎಂದಳು. ಅವನು ಒಪ್ಪಲಿಲ್ಲ, ಒಪ್ಪಿಕೊಂಡ ಮಾತು ಒಪ್ಪಿಕೊಂಡದ್ದೇ. “ಹಾಗಾದ್ರೆ ಕೆಳಗೆ ಡಬ್ಬಿಗೆ ಹಾಕಿ,” ಎಂದಳು. “ಆ ಮೆಟ್ಟಿಲು ನಿಮಗೆ ಇನ್ನು ಬೇಡ.”

ಹತ್ತನೇ ತಿಂಗಳ ಮೊದಲ ಭಾನುವಾರ ಕಾಜಾ ಅಕ್ಕನಿಗೆ ಕಾಯುವುದೇನೂ ಇರಲಿಲ್ಲ. ಒಂದು ಕೋಟಿಗೆ ಕಾಜಾ ಹೊಲಿಯುತ್ತ ಕೂತಿದ್ದಳು. ಕಿಟಕಿಯ ಬಿಸಿಲು ನೆಲದ ಮೇಲೆ ಉದ್ದವಾಗಿ ಬಾಗಿಲ ತನಕ ಹೋಗಿತ್ತು.

ಕೆಳಗೆ ಸದ್ದಾಯಿತು. ಧಪ್-ಟಕ್.

ಹೇಳಿದರೂ ಕೇಳದೆ ಮೇಲೇ ಬಂದನಲ್ಲ ಈ ಮನುಷ್ಯ ಎಂದು ಅವಳಿಗೆ ರೇಗಿತು. ಧಪ್-ಟಕ್, ಧಪ್-ಟಕ್. ಹದಿನಾರನೇ ಮೆಟ್ಟಿಲ ಬಿಡುವು. ಬೇಗದ ಎರಡು ಹೆಜ್ಜೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಮತ್ತೆ ಬಕಲ್ ಜಾರಿದರೆ? ಮತ್ತೆ ಇಲ್ಲೇ ನಿಂತು ವಾಪಸ್ಸು ಹೋದರೆ? ಆಚೆ ಯಾರು ಎಂದು ಅವಳು ಯೋಚಿಸಲಿಲ್ಲ. ಯಾರಾದರೇನು, ಹೆಗಲು ಬೇಕಾದವರು. ಅಗಳಿ ಎಳೆದಳು, ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದಳು, ಕೊನೆಯ ಮೆಟ್ಟಿಲ ಅಂಚಿಗೆ ಬಂದು, ಬಲ ಹೆಗಲು ತಗ್ಗಿಸಿ ನಿಂತಳು.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಧಪ್, ಎಂದಿತು ಅವಳ ಪಕ್ಕದಲ್ಲೇ. ಹೆಗಲು ಭಾರವಾಯಿತು. ಐದು ಬೆರಳು, ಅಂಗೈ, ಆಮೇಲೆ ಇಡೀ ಮೈಯ ತೂಕ. ಅವಳ ಮಂಡಿ ಬಾಗಿತು, ಆದರೆ ಅವಳು ಜಗ್ಗಲಿಲ್ಲ. ಎಲ್ಲಿಂದ ಬಂತೋ ಅಷ್ಟು ಶಕ್ತಿ, ಗೋಡೆಗೆ ಕೈ ಕೊಟ್ಟು ಗಟ್ಟಿಯಾಗಿ ನಿಂತಳು.

“ಬನ್ನಿ ರೀ,” ಎಂದಳು. “ಹಿಡ್ಕೊಳ್ಳಿ. ಪೂರ್ತಿ ಭಾರ ಹಾಕಿ, ಪರವಾಗಿಲ್ಲ.”

ಟಕ್.

ಹೆಜ್ಜೆಗೆ ಹೆಜ್ಜೆ ಕೂಡಿಸಿ ನಿಧಾನವಾಗಿ ಒಳಗೆ ನಡೆದಳು. ಕಪಾಟಿನ ಪಕ್ಕದ ಮೂಲೆಯ ತನಕ ಹೋಗಿ ನಿಂತಳು. ಹೆಗಲ ಮೇಲಿನ ಭಾರ ಇಳಿಯಿತು. ಎಷ್ಟೋ ಹೊತ್ತು ಕಿವಿಗೊಟ್ಟು ನಿಂತಳು. ಇಳಿದು ಹೋಗುವ ಟಕ್-ಧಪ್ ಕೇಳಿಸಲಿಲ್ಲ.

ಕತ್ತಲಾಗುವ ಮುಂಚೆ ಕೆಳಗಿಳಿದು ಟಪಾಲು ಡಬ್ಬಿ ತೆಗೆದಳು. ಒಳಗೆ ಲಕೋಟೆಯಿತ್ತು. ಲಕೋಟೆಯ ಮೇಲೆ ಬೋರ್ಡಿನಲ್ಲಿ ಬರೆಯುವಂತೆ ದುಂಡಗೆ, ಅಂಚಿಗೆ ನೆರಳು ಕೊಟ್ಟು ಬರೆದಿತ್ತು: ‘ಹತ್ತನೇ ಕಂತು. ಹೊರಗಡೆ ಕೆಲಸ ಸಿಕ್ಕಿದೆ, ಬೆಳಗಿನ ಬಸ್ಸಿಗೆ ಹೊರಟೆ. ನೀವು ಹೇಳಿದ ಹಾಗೆ ಮೇಲೆ ಹತ್ತಲಿಲ್ಲ. ಕಾಲು ಚೆನ್ನಾಗಿದೆ.’

“ಪೇಂಟರ್ ಎಷ್ಟೊತ್ತಿಗೆ ಬಂದಿದ್ದ?” ಎಂದು ಇಸ್ತ್ರಿಯವನನ್ನು ಕೇಳಿದಳು.

“ಬೆಳಿಗ್ಗೆ ಏಳಕ್ಕೇ ಹಾಕಿ ಹೋದ್ನಲ್ಲಕ್ಕ. ನಾನಿನ್ನೂ ಕೆಂಡ ಹಚ್ತಿದ್ದೆ. ಯಾಕೆ, ಕಮ್ಮಿ ಇದೆಯಾ?”

“ಇಲ್ಲ. ಪೂರ್ತಿ ಇದೆ.”

ನಲವತ್ತೇಳು ಮೆಟ್ಟಿಲು ಹತ್ತುವಾಗ ಅವಳಿಗೆ ಗೊತ್ತಾಯಿತು, ಬಲ ಹೆಗಲು ಸಿಡಿಯುತ್ತಿತ್ತು. ಎರಡೂ ಮುಕ್ಕಾಲು ವರ್ಷದಿಂದ ಒಮ್ಮೆಯೂ ನೋಯದ ಹೆಗಲು, ಹಿಂದೆ ದಿನಾ ನೋಯುತ್ತಿದ್ದ ಅದೇ ಜಾಗದಲ್ಲಿ, ಕೈ ಎತ್ತಲಾರದಷ್ಟು ನೋಯುತ್ತಿತ್ತು. ಮನೆಗೆ ಬಂದು, ಬಾಗಿಲಿಗೆ ಅಗಳಿ ಹಾಕದೆ, ಗುಂಡಿ ಡಬ್ಬಿಯನ್ನು ನೆಲದ ಮೇಲೆ ಸುರಿದಳು. ಗುಂಡಿಗಳ ಕೆಳಗಿನಿಂದ ಟ್ಯೂಬು ಹೊರಬಂತು. ಮುಚ್ಚಳ ತಿರುಗಿಸಿ ತೆಗೆದು, ಎಡಗೈಯಿಂದ ಬಲ ಹೆಗಲಿಗೆ ಮುಲಾಮು ಹಚ್ಚಿಕೊಂಡಳು.